ಅರ್ಧ ಪಿಕ್ಸೆಲ್ ಕಡಲ್ಕೊರೆತ

ಕಾಪುವಿನ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭ 27 ಮೀಟರ್ ಎತ್ತರ ಇದೆ. ಭೂಮಿಯಿಂದ 786 ಕಿಲೋಮೀಟರ್ ಮೇಲೆ ಸುತ್ತುವ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಆ ಎತ್ತರವೂ ಇಲ್ಲ, ಬಂಡೆಯೂ ಇಲ್ಲ, ಕಾಪು ಎಂಬ ಹೆಸರಂತೂ ಇಲ್ಲವೇ ಇಲ್ಲ. ಅಲ್ಲಿರುವುದು 7187ನೇ ಕಂಬಸಾಲು, 3852ನೇ ಅಡ್ಡಸಾಲಿನ ಸುತ್ತಮುತ್ತ ಬೇರೆಬೇರೆ ಹೊಳಪಿನ ಕೆಲವು ಚೌಕಗಳು. ಒಂದೊಂದು ಚೌಕ ನೆಲದ ಮೇಲೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ಇದನ್ನೇ ಪಿಕ್ಸೆಲ್ ಎನ್ನುತ್ತೇವೆ. ಚಿತ್ರದ ಒಂದು ಹಾಳೆಯಲ್ಲಿ ಇಂಥ ಚೌಕಗಳು ಅಡ್ಡಕ್ಕೆ 10,980, ಉದ್ದಕ್ಕೆ 10,980. ಕರಾವಳಿಯ ಕಡಲು, ಉಡುಪಿ, ಮಣಿಪಾಲ, ಕಾರ್ಕಳ ಎಲ್ಲವೂ ಆ ಒಂದೇ ಹಾಳೆಯಲ್ಲಿ ಸೇರಿಹೋಗಿವೆ.

ನಕ್ಷೆಯ ಅಂಕಿಯಿಂದ ಚಿತ್ರದ ಅಂಕಿಗೆ ಹೋಗುವುದು, ಮತ್ತೆ ಅಲ್ಲಿಂದ ಹಿಂದಕ್ಕೆ ಬರುವುದು: ಭೂಪಟದ ತಂತ್ರಾಂಶಗಳು ದಿನವಿಡೀ ಮಾಡುವ ಕೆಲಸ ಇದು. ಗಣಿತ ಹೈಸ್ಕೂಲಿನದ್ದು. ಕೂಡಿಸಿ ಗುಣಿಸಿದರೆ ಮುಗಿಯಿತು. ಆದರೂ ಈ ಕೆಲಸದಲ್ಲಿ ಆಗುವಷ್ಟು ತಪ್ಪುಗಳು ಎಷ್ಟೋ ಕಷ್ಟದ ಗಣಿತದಲ್ಲೂ ಆಗುವುದಿಲ್ಲ. ಸೂತ್ರ ಎಲ್ಲರಿಗೂ ಗೊತ್ತು; ಎಣಿಕೆ ಎಲ್ಲಿಂದ ಶುರು ಎಂಬುದನ್ನು ಯಾರೂ ಕೇಳುವುದಿಲ್ಲ.

ಮೊದಲು ನಕ್ಷೆಯ ಕಡೆಯಿಂದ ಬರೋಣ. ಕಾಪುವಿನ ಆ ತೀರ ಸರಿಸುಮಾರು 13.22 ಡಿಗ್ರಿ ಉತ್ತರ ಅಕ್ಷಾಂಶ, 74.74 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಡಿಗ್ರಿಗಳಲ್ಲಿ ಅಳತೆಯ ಲೆಕ್ಕ ಹಾಕುವುದು ಕಿರಿಕಿರಿ. ನಮ್ಮ ಅಕ್ಷಾಂಶದಲ್ಲಿ ಉತ್ತರ-ದಕ್ಷಿಣದ ಒಂದು ಡಿಗ್ರಿ ಸುಮಾರು 110.6 ಕಿಲೋಮೀಟರ್ ಆದರೆ, ಪೂರ್ವ-ಪಶ್ಚಿಮದ ಒಂದು ಡಿಗ್ರಿ ಸುಮಾರು 108.3 ಕಿಲೋಮೀಟರ್ ಮಾತ್ರ. ಹಾಗಾಗಿ ಗೋಳವನ್ನು ಆರಾರು ಡಿಗ್ರಿಯ ಅರವತ್ತು ಪಟ್ಟಿಗಳಾಗಿ ಸೀಳಿ, ಒಂದೊಂದನ್ನೂ ಚಪ್ಪಟೆ ಮಾಡಿ ಮೀಟರಿನಲ್ಲಿ ಅಳೆಯುವ ಪದ್ಧತಿ ಬಂತು. ಅದರ ಹೆಸರು ಯುಟಿಎಂ. ನಮ್ಮದು 43ನೇ ಪಟ್ಟಿ, 72ರಿಂದ 78 ಡಿಗ್ರಿವರೆಗೆ. ಅದರ ನಟ್ಟನಡುವಿನ ರೇಖೆ 75 ಡಿಗ್ರಿ. ಕಾರ್ಕಳ ಪೇಟೆಯನ್ನು ತಾಗಿದಂತೆ ಹಾದುಹೋಗುತ್ತದೆ. ಗೊಮ್ಮಟನನ್ನು ನೋಡಲು ಬರುವ ಪ್ರವಾಸಿಗೆ ಇದು ಗೊತ್ತಾಗುವ ಸಂಗತಿಯಲ್ಲ, ಯಾರೂ ಅಲ್ಲಿ ಫಲಕ ಹಾಕಿಲ್ಲ. ಆದರೆ ಆ ಗೆರೆಯ ಮೇಲೆ ನಿಂತವನಿಗೆ ನಕ್ಷೆಯ ಉತ್ತರವೂ ಭೂಮಿಯ ಉತ್ತರವೂ ಒಂದೇ ದಿಕ್ಕು. ಪೂರ್ವಕ್ಕೋ ಪಶ್ಚಿಮಕ್ಕೋ ಸರಿದಂತೆ ಅವೆರಡೂ ಕೂದಲೆಳೆಯಷ್ಟು ಬೇರೆಯಾಗತೊಡಗುತ್ತವೆ.

ನಡುವಿನ ಆ ರೇಖೆಗೆ ಸೊನ್ನೆ ಕೊಟ್ಟರೆ ಪಶ್ಚಿಮದ ಊರುಗಳಿಗೆಲ್ಲ ಋಣ ಸಂಖ್ಯೆ ಬರುತ್ತದೆ. ಅದು ಬೇಡವೆಂದು ಅದಕ್ಕೆ 5,00,000 ಮೀಟರ್ ಎಂದು ಬೆಲೆ ಕಟ್ಟಿದ್ದಾರೆ. ಕಾಪು ಅಲ್ಲಿಂದ ಸುಮಾರು 28 ಕಿಲೋಮೀಟರ್ ಪಶ್ಚಿಮಕ್ಕಿದೆ. ಆದ್ದರಿಂದ ಅದರ ಪೂರ್ವದಂಕಿ 4,71,800ರ ಆಸುಪಾಸು. ಉತ್ತರದಂಕಿ ಸಮಭಾಜಕವೃತ್ತದಿಂದ ಎಣಿಸಿದ್ದು, 14,61,400ರ ಮೇಲೆ. ಇನ್ನೊಂದು ಸಣ್ಣ ಚಮತ್ಕಾರವಿದೆ. ಪಟ್ಟಿಯ ಅಂಚುಗಳಲ್ಲಿ ಅಳತೆ ಹಿಗ್ಗುವುದನ್ನು ಸರಿದೂಗಿಸಲು ನಡುವಿನಲ್ಲಿ ಎಲ್ಲವನ್ನೂ 0.9996ರಿಂದ ಗುಣಿಸುತ್ತಾರೆ. ಹಾಗಾಗಿ ಕಾಪುವಿನಿಂದ ಈ ರೇಖೆಯವರೆಗೆ ನೆಲದ ಮೇಲೆ ಚೈನು ಹಿಡಿದು ಅಳೆದವನಿಗೂ ನಕ್ಷೆಯ ಅಂಕಿ ಕಳೆದವನಿಗೂ ಹನ್ನೊಂದು ಮೀಟರ್ ವ್ಯತ್ಯಾಸ ಬರುತ್ತದೆ. ಇಬ್ಬರೂ ಸರಿಯೇ.

ಈಗ ಚಿತ್ರದ ಕಡೆ. ಚಿತ್ರದಲ್ಲಿ ಎಣಿಕೆ ಮೇಲಿನ ಎಡಮೂಲೆಯಿಂದ ಶುರು. ಬಲಕ್ಕೆ ಹೋದಂತೆ ಕಂಬಸಾಲಿನ ಸಂಖ್ಯೆ ಏರುತ್ತದೆ, ಕೆಳಕ್ಕೆ ಇಳಿದಂತೆ ಅಡ್ಡಸಾಲಿನ ಸಂಖ್ಯೆ ಏರುತ್ತದೆ. ನಕ್ಷೆಯಲ್ಲಿ ಮೇಲಕ್ಕೆ, ಅಂದರೆ ಉತ್ತರಕ್ಕೆ, ಹೋದಂತೆ ಅಂಕಿ ಏರುತ್ತದೆ. ಎರಡೂ ಒಂದಕ್ಕೊಂದು ತಲೆಕೆಳಗು. ಇವನ್ನು ಹೊಂದಿಸಲು ಚಿತ್ರದ ಕಡತದೊಳಗೆ ಆರು ಸಂಖ್ಯೆಗಳನ್ನು ಬರೆದಿಟ್ಟಿರುತ್ತಾರೆ. ಉಡುಪಿಯ ಸೆಂಟಿನೆಲ್ ಹಾಳೆಯಲ್ಲಿ ಅವು ಹೀಗಿವೆ: 399960, 10, 0, 1500000, 0, -10. ಮೊದಲನೆಯದು ಎಡಮೂಲೆಯ ಪೂರ್ವದಂಕಿ, ನಾಲ್ಕನೆಯದು ಅದರ ಉತ್ತರದಂಕಿ. ಎರಡು ಹತ್ತುಗಳು ಪಿಕ್ಸೆಲಿನ ಅಳತೆ. ಕೊನೆಯ ಹತ್ತರ ಹಿಂದಿನ ಋಣ ಚಿಹ್ನೆಯೇ ಆ ತಲೆಕೆಳಗನ್ನು ಸರಿಮಾಡುವ ಕೀಲಿ. ಅದನ್ನು ಮರೆತರೆ ಕಾಪು ಗೋವೆಯನ್ನು ದಾಟುವಷ್ಟಲ್ಲದಿದ್ದರೂ ಉತ್ತರಕ್ಕೆ ಚಿಮ್ಮುತ್ತದೆ.

ದೀಪಸ್ತಂಭದ ಹತ್ತಿರ 4,71,836 ಪೂರ್ವ, 14,61,474 ಉತ್ತರ ಎಂಬ ಒಂದು ಬಿಂದು ಹಿಡಿಯೋಣ. ಪೂರ್ವದಂಕಿಯಿಂದ 3,99,960 ಕಳೆದರೆ 71,876. ಹತ್ತರಿಂದ ಭಾಗಿಸಿದರೆ 7187.6. ಉತ್ತರದ ಮೂಲೆ 15,00,000ದಿಂದ ನಮ್ಮ ಅಂಕಿಯನ್ನು ಕಳೆದರೆ 38,526, ಭಾಗಿಸಿದರೆ 3852.6. ದಶಾಂಶವನ್ನು ಕತ್ತರಿಸಿ ಒಗೆದರೆ ಪಿಕ್ಸೆಲ್ ಸಿಕ್ಕಿತು: 7187, 3852. ಹಿಂದಕ್ಕೆ ಬರುವಾಗ ಪಿಕ್ಸೆಲಿನ ನಡುಮಧ್ಯವನ್ನು ಕೇಳಬೇಕು. 7187.5 ಮತ್ತು 3852.5 ಹಾಕಿ ಗುಣಿಸಿದರೆ 4,71,835 ಮತ್ತು 14,61,475. ಹೋದದ್ದು ಒಂದು ಬಿಂದು, ಬಂದದ್ದು ಇನ್ನೊಂದು. ಒಂದೊಂದು ದಿಕ್ಕಿನಲ್ಲಿ ಒಂದೊಂದು ಮೀಟರ್ ಸೋರಿದೆ. ಹತ್ತು ಮೀಟರ್ ಪಿಕ್ಸೆಲಿನಲ್ಲಿ ಈ ಸೋರಿಕೆ ಹೆಚ್ಚೆಂದರೆ ಏಳು ಮೀಟರ್ ಆಗಬಹುದು. ಇದು ತಪ್ಪಲ್ಲ, ಚೌಕದ ಗುಣ.

ತಪ್ಪು ಆಗುವುದು ದಶಾಂಶದ ಹತ್ತಿರ. 7187.6 ಕಂಡಕೂಡಲೇ ಕೈ 7188ಕ್ಕೆ ಪೂರ್ಣಗೊಳಿಸಲು ತುರಿಸುತ್ತದೆ, ಶಾಲೆಯಲ್ಲಿ ಹಾಗೇ ಕಲಿಸಿದ್ದಾರೆ. ಇಲ್ಲಿ ಹಾಗೆ ಮಾಡಿದರೆ ಪಕ್ಕದ ಪಿಕ್ಸೆಲಿಗೆ ಹೋಗಿ ಬಿದ್ದೆವು. ಇನ್ನೊಂದು ತಪ್ಪು ಇದಕ್ಕಿಂತ ನಯವಾದದ್ದು. ಹಾಳೆಯ ಅಂಚಿನಿಂದ ನಾಲ್ಕು ಮೀಟರ್ ಹೊರಗಿರುವ ಬಿಂದುವಿಗೆ ಲೆಕ್ಕದಲ್ಲಿ -0.4 ಬರುತ್ತದೆ. ಹಲವು ಕಂಪ್ಯೂಟರ್ ಭಾಷೆಗಳಲ್ಲಿ ದಶಾಂಶ ಕತ್ತರಿಸುವ ಸಾಮಾನ್ಯ ಆಜ್ಞೆ ಅದನ್ನು ಸೊನ್ನೆ ಮಾಡುತ್ತದೆ. ಹೊರಗಿದ್ದ ಬಿಂದು ಒಳಗೆ ಬಂದು ಮೊದಲ ಸಾಲಿನಲ್ಲಿ ಸಭ್ಯವಾಗಿ ಕೂತುಬಿಡುತ್ತದೆ. ಬೇಕಾದದ್ದು -1, ಅಂದರೆ ಯಾವಾಗಲೂ ಕೆಳಗಿನ ಪೂರ್ಣಾಂಕಕ್ಕೇ ಇಳಿಯುವ ಆಜ್ಞೆ.

ಅಂಕಿಗಳ ಜಾಗ ಅದಲುಬದಲಾಗುವ ತಪ್ಪಾದರೋ ಕಣ್ಣಿಗೆ ಹೊಡೆಯುತ್ತದೆ, ಅದೇ ಅದರ ಒಳ್ಳೆಯ ಗುಣ. ಮಣಿಪಾಲ ಸುಮಾರು 13.35 ಉತ್ತರ, 74.79 ಪೂರ್ವ. ಕೆಲವು ತಂತ್ರಾಂಶಗಳು ಅಕ್ಷಾಂಶವನ್ನು ಮೊದಲು ಕೇಳುತ್ತವೆ, ಕೆಲವು ರೇಖಾಂಶವನ್ನು. ಎರಡನ್ನೂ ತಿರುಗಿಸಿ ಕೊಟ್ಟರೆ ಮಣಿಪಾಲದ ಗುಡ್ಡ ನಾರ್ವೆಗೂ ಸ್ವಾಲ್ಬಾರ್ಡ್ ದ್ವೀಪಗಳಿಗೂ ನಡುವಿನ ಹಿಮಗಡಲಿನಲ್ಲಿ ಮುಳುಗುತ್ತದೆ. ನಕ್ಷೆ ತೆರೆದ ಮರುಕ್ಷಣ ನಗು ಬರುತ್ತದೆ, ತಿದ್ದುತ್ತೇವೆ. ನಗು ಬಾರದಷ್ಟು ಸಣ್ಣ ತಪ್ಪುಗಳೇ ಅಪಾಯ.

ಸಣ್ಣದು ಎಂದರೆ ಎಷ್ಟು ಸಣ್ಣದು? ಉಡುಪಿ ಜಿಲ್ಲೆಯಲ್ಲಿ ಜಾಗ ಅಳೆಯುವುದು ಸೆಂಟ್ಸ್‌ನಲ್ಲಿ. ಹಿಂದೆ ಮದ್ರಾಸ್ ಆಡಳಿತಕ್ಕೆ ಸೇರಿದ್ದರಿಂದ ಘಟ್ಟದ ಮೇಲಿನ ಗುಂಟೆ ಇಲ್ಲಿ ಬೇರೂರಲಿಲ್ಲ. ನೂರು ಸೆಂಟ್ಸ್ ಒಂದು ಎಕರೆ. ಸೆಂಟ್ಸಿಗೆ 40 ಚದರ ಮೀಟರಿಗೂ ತುಸು ಹೆಚ್ಚು. ಸೆಂಟಿನೆಲ್‌ನ ಒಂದು ಪಿಕ್ಸೆಲ್ ಎರಡೂವರೆ ಸೆಂಟ್ಸ್. ಅಮೆರಿಕದ ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಪಿಕ್ಸೆಲ್ 22 ಸೆಂಟ್ಸ್. ಭಾರತದ ಮೊದಲ ಪೂರ್ಣ ಕಾರ್ಯಾಚರಣೆಯ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ 1988ರ ಮಾರ್ಚ್ 17ರಂದು ಹಾರಿದಾಗ ಇಸ್ರೋ ಅಧ್ಯಕ್ಷರಾಗಿದ್ದವರು ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್. ಅದರ ಒಂದು ಕ್ಯಾಮೆರಾದ ಪಿಕ್ಸೆಲ್ 72.5 ಮೀಟರ್, ಅಂದರೆ 130 ಸೆಂಟ್ಸ್. ರಾಯರ ಊರಿನಲ್ಲಿ ಒಂದು ಮನೆ, ಅಂಗಳ, ಹಟ್ಟಿ, ಬಾವಿ, ತೆಂಗಿನ ತೋಟ ಎಲ್ಲ ಸೇರಿ ಒಂದೇ ಬಣ್ಣದ ಒಂದು ಚೌಕ ಆಗಿರಬೇಕು.

ಶಂಕರಪುರದ ಮಲ್ಲಿಗೆಯನ್ನೇ ನೋಡಿ. ಮನೆಯ ಪಕ್ಕದ ತುಂಡು ಜಾಗಗಳಲ್ಲಿ ಬೆಳೆಯುವ ಬೆಳೆ ಅದು. ಐದು ಸೆಂಟ್ಸಿನ ಒಂದು ಮಲ್ಲಿಗೆ ತೋಟ ಚೌಕಾಕಾರವಾಗಿದ್ದರೆ ಅದರ ಬದಿ 14.2 ಮೀಟರ್. ವಿಸ್ತೀರ್ಣದ ಲೆಕ್ಕದಲ್ಲಿ ಎರಡು ಸೆಂಟಿನೆಲ್ ಪಿಕ್ಸೆಲ್ ಆಯಿತು. ಆದರೆ ಪಿಕ್ಸೆಲಿನ ಗೆರೆಗಳು ತೋಟದ ಬೇಲಿ ನೋಡಿ ಬಿದ್ದವಲ್ಲ. ತೋಟದ ಬದಿಗಳು ಗೆರೆಗಳಿಗೆ ಸಮಾನಾಂತರವಾಗಿದ್ದರೂ, ಅದು ಎಲ್ಲಿ ಬೇಕಾದರೂ ಬಿದ್ದಿರಬಹುದು ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಐದರಲ್ಲಿ ನಾಲ್ಕು ಸಲ ಒಂದೇ ಒಂದು ಇಡೀ ಪಿಕ್ಸೆಲ್ ಕೂಡ ತೋಟದೊಳಗೆ ಬರುವುದಿಲ್ಲ. ಬರುವುದೆಲ್ಲ ಅರ್ಧ ಮಲ್ಲಿಗೆ, ಅರ್ಧ ತೆಂಗು, ಅರ್ಧ ಹಂಚಿನ ಮಾಡು. ಅಂಥಲ್ಲಿ ಅರ್ಧ ಪಿಕ್ಸೆಲ್ ಆಚೀಚೆ ಆದರೆ ನಾವು ಅಳೆಯುತ್ತಿರುವುದು ನೆರೆಮನೆಯ ತೋಟವನ್ನು.

ಆ ಅರ್ಧ ಪಿಕ್ಸೆಲ್ ಎಲ್ಲಿಂದ ಬರುತ್ತದೆ ಎಂಬುದೇ ಈ ಅಧ್ಯಾಯದ ಮುಖ್ಯ ವಿಷಯ. ಮನೆ ಜಾಗದ ಅಳತೆಯನ್ನು ಒಬ್ಬ ಗಡಿಕಲ್ಲಿನಿಂದ ಹೇಳುತ್ತಾನೆ, ಇನ್ನೊಬ್ಬ ಅಂಗಳದ ನಡುವಿನ ತುಳಸಿಕಟ್ಟೆಯಿಂದ ಹೇಳುತ್ತಾನೆ ಎಂದುಕೊಳ್ಳಿ. ಇಬ್ಬರೂ ಎಲ್ಲಿಂದ ಎಂಬುದನ್ನು ಬಾಯಿಬಿಟ್ಟು ಹೇಳದಿದ್ದರೆ ಜಗಳ ಖಂಡಿತ. ಚಿತ್ರದ ಕಡತದಲ್ಲಿ ಬರೆದಿರುವ ಮೂಲೆಯ ಅಂಕಿಯೂ ಹಾಗೆಯೇ. ಅದು ಮೊದಲ ಪಿಕ್ಸೆಲಿನ ಹೊರಮೂಲೆಯೋ, ಅದರ ನಡುವೋ? ಸೆಂಟಿನೆಲ್ ಕೊಡುವುದು ಹೊರಮೂಲೆ. ಲ್ಯಾಂಡ್‌ಸ್ಯಾಟ್ ಕೊಡುವುದು ನಡು. ಚಿತ್ರದ ಜೊತೆಗೆ ಬರುವ ಆರು ಸಾಲಿನ ಪುಟ್ಟ ‘ವರ್ಲ್ಡ್ ಫೈಲ್’ ಕೊಡುವುದೂ ನಡುವನ್ನೇ. ಜಗತ್ತಿನ ಬಹುಪಾಲು ಭೂಪಟ ತಂತ್ರಾಂಶಗಳ ಹೊಟ್ಟೆಯೊಳಗಿರುವ ಜಿಡಿಎಎಲ್ ಎಂಬ ಮುಕ್ತ ತಂತ್ರಾಂಶ ಎಲ್ಲವನ್ನೂ ಹೊರಮೂಲೆಗೆ ತಿರುಗಿಸಿಕೊಂಡು ಲೆಕ್ಕ ಹಾಕುತ್ತದೆ. ಅದು ಕೂಡ ತನ್ನ 1.8ನೇ ಆವೃತ್ತಿಯವರೆಗೆ ಜಿಯೋಟಿಫ್ ಎಂಬ ಬಗೆಯ ಚಿತ್ರ ಕಡತಗಳಲ್ಲಿ ಈ ವ್ಯತ್ಯಾಸವನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ.

ಈಗ ಇದನ್ನು ನಮ್ಮ ಕಡಲಿಗೆ ತನ್ನಿ. ಕಡಲ್ಕೊರೆತ ಉಡುಪಿಯ ತೀರದಲ್ಲಿ ಪ್ರತಿ ಮಳೆಗಾಲದ ಮಾತು. ಕಲ್ಲು ಸುರಿಯುವುದು, ತಡೆಗೋಡೆ ಕಟ್ಟುವುದು, ಅದೂ ಕುಸಿಯುವುದು ನಡೆದೇ ಇದೆ. ಎಷ್ಟು ಕೊರೆದಿದೆ ಎಂದು ತಿಳಿಯುವ ಅಗ್ಗದ ದಾರಿ ಹಳೆಯ ಲ್ಯಾಂಡ್‌ಸ್ಯಾಟ್ ಚಿತ್ರಗಳು. 2008ರಿಂದ ಅವು ಎಲ್ಲರಿಗೂ ಪುಕ್ಕಟೆ. ಇಪ್ಪತ್ತು ವರ್ಷ ಅಂತರದ ಎರಡು ಚಿತ್ರ ತೆಗೆದುಕೊಂಡು, ಎರಡರಲ್ಲೂ ನೀರು-ಮರಳಿನ ಗಡಿ ಎಳೆದು, ನಡುವಿನ ದೂರ ಅಳೆದರೆ ಸರಿ. ಇವುಗಳಲ್ಲಿ ಹಳೆಯದನ್ನು ಸರಿಯಾಗಿ ಓದಿ, ಹೊಸದನ್ನು ಓದುವಾಗ ನಡುವಿನ ಅಂಕಿಯನ್ನು ಹೊರಮೂಲೆ ಎಂದು ತಿಳಿದರೆ ಏನಾಗುತ್ತದೆ? ಹೊಸ ಚಿತ್ರವಿಡೀ 15 ಮೀಟರ್ ಪೂರ್ವಕ್ಕೆ, 15 ಮೀಟರ್ ದಕ್ಷಿಣಕ್ಕೆ ಸರಿಯುತ್ತದೆ. ನಮ್ಮ ತೀರ ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ ಚಾಚಿರುವುದರಿಂದ ದಕ್ಷಿಣಕ್ಕೆ ಸರಿದದ್ದು ಕಾಣುವುದೇ ಇಲ್ಲ. ಪೂರ್ವಕ್ಕೆ ಸರಿದದ್ದು ಮಾತ್ರ ಕಾಣುತ್ತದೆ: ಸಮುದ್ರ 15 ಮೀಟರ್ ಒಳಗೆ ಬಂದಿದೆ. ಇಪ್ಪತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಮುಕ್ಕಾಲು ಮೀಟರ್. ನಂಬಲಾಗದಷ್ಟು ದೊಡ್ಡದೂ ಅಲ್ಲ, ಕಡೆಗಣಿಸುವಷ್ಟು ಚಿಕ್ಕದೂ ಅಲ್ಲ. ವರದಿಯಲ್ಲಿ ಬರೆಯಲು ಹೇಳಿ ಮಾಡಿಸಿದ ಅಂಕಿ.

ತಪ್ಪು ತಿರುವುಮುರುವಾದರೆ ಇನ್ನೂ ಕೆಟ್ಟದ್ದು. ಹಳೆಯ ಚಿತ್ರ ಪೂರ್ವಕ್ಕೆ ಸರಿದು ಹೊಸದು ಸರಿಯಾಗಿದ್ದರೆ, ನಿಜವಾಗಿ 15 ಮೀಟರ್ ಕೊರೆದುಹೋದ ತೀರ ‘ಇದ್ದಲ್ಲೇ ಇದೆ’ ಎಂದು ಕಾಣುತ್ತದೆ. ಮೀನುಗಾರರ ಮನೆಯ ಹಿಂದಿನ ತೆಂಗು ಸಮುದ್ರಕ್ಕೆ ಬಿದ್ದಿರುತ್ತದೆ, ಕಂಪ್ಯೂಟರು ಏನೂ ಆಗಿಲ್ಲ ಎನ್ನುತ್ತದೆ. ಉಬ್ಬರವಿಳಿತದ ವ್ಯತ್ಯಾಸ ಬೇರೆ ಇದರೊಳಗೆ ಬೆರೆತಿರುತ್ತದೆ. ಒಂದು ಚಿತ್ರ ಉಬ್ಬರದ್ದು, ಇನ್ನೊಂದು ಇಳಿತದ್ದು ಆಗಿದ್ದರೆ ನೀರಿನ ಗೆರೆ ತಾನಾಗಿಯೇ ಅಷ್ಟಿಷ್ಟು ಸರಿದಿರುತ್ತದೆ. ಹಾಗಾಗಿ ಅನುಮಾನ ಬಂದರೂ ಎಲ್ಲರೂ ಉಬ್ಬರವನ್ನೇ ಬೈಯುತ್ತಾರೆ.

ಇದನ್ನು ಹಿಡಿಯುವ ಉಪಾಯ ಕಡಲಿನಿಂದ ದೂರದಲ್ಲಿದೆ. ಅದೇ ಎರಡು ಚಿತ್ರಗಳಲ್ಲಿ ಕಾರ್ಕಳದ ರಾಮಸಮುದ್ರ ಕೆರೆಯ ಏರಿಯನ್ನು ನೋಡಿ. ಕೆರೆ ಏರಿಗೆ ಅಲೆ ಹೊಡೆಯುವುದಿಲ್ಲ. ಅದೂ ಪೂರ್ವಕ್ಕೆ 15 ಮೀಟರ್ ಸರಿದಿದ್ದರೆ ಅಪರಾಧಿ ಅರಬ್ಬಿ ಸಮುದ್ರ ಅಲ್ಲ. ತೀರದ ಅಧ್ಯಯನ ಮಾಡುವವರು ಒಳನಾಡಿನ ಅಲುಗದ ವಸ್ತುಗಳನ್ನು ಮೊದಲು ಪರೀಕ್ಷಿಸದೆ ಒಂದು ಗೆರೆಯನ್ನೂ ಎಳೆಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅರ್ಧ ಗಂಟೆಯ ಕೆಲಸ, ಮಾಡುವವರು ಕಡಿಮೆ.

ಉಪಗ್ರಹಕ್ಕಿಂತ ಹಿಂದಿನ ತೀರ ಬೇಕೆಂದರೆ ಕಾಗದದ ನಕ್ಷೆಗೆ ಹೋಗಬೇಕು. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಹಾಳೆಗಳು ಹದಿನೈದು ಮಿನಿಟಿಗೆ ಒಂದರಂತೆ ಕತ್ತರಿಸಿದವು. ಉಡುಪಿಯ ಕೆಟ್ಟ ಅದೃಷ್ಟ, 74 ಡಿಗ್ರಿ 45 ಮಿನಿಟಿನ ಗೆರೆ ಪೇಟೆಯ ಮೇಲೇ ಹಾದುಹೋಗುತ್ತದೆ. ಮಣಿಪಾಲ 48ಕೆ/15ರಲ್ಲಿ, ಮಲ್ಪೆ 48ಕೆ/11ರಲ್ಲಿ, ಕಾಪು 48ಕೆ/12ರಲ್ಲಿ, ಕಾರ್ಕಳ 48ಕೆ/16ರಲ್ಲಿ. ನಾಲ್ಕೂ ಹಾಳೆಗಳು ಕೂಡುವ ಮೂಲೆ ಕಾಪು-ಕಟಪಾಡಿಗಳ ನಡುವೆ ಎಲ್ಲೋ ಬೀಳುತ್ತದೆ. ನಾಲ್ಕನ್ನೂ ಸ್ಕ್ಯಾನ್ ಮಾಡಿ ಹೊಲಿಯಬೇಕು. ಸ್ಕ್ಯಾನರ್ ಮೇಲೆ ಒಂದು ಹಾಳೆ ಒಂದೇ ಒಂದು ಡಿಗ್ರಿ ವಾಲಿದರೆ, ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ನೆಲದ ಮೇಲೆ ಸುಮಾರು 480 ಮೀಟರ್ ತಪ್ಪುತ್ತದೆ. ಆರು ಸಂಖ್ಯೆಗಳಲ್ಲಿ ಇದುವರೆಗೆ ಸೊನ್ನೆಯಾಗಿದ್ದ ಎರಡು, ಅಂದರೆ ಮೂರನೆಯದು ಮತ್ತು ಐದನೆಯದು, ಕೆಲಸಕ್ಕೆ ಬರುವುದು ಇಲ್ಲಿ. ಈ ವಾಲಿಕೆಯನ್ನು ಹೊರುವವು ಅವೇ. ಆಗ ಪೂರ್ವದಂಕಿಯಲ್ಲಿ ಅಡ್ಡಸಾಲಿಗೂ ಪಾಲು, ಉತ್ತರದಂಕಿಯಲ್ಲಿ ಕಂಬಸಾಲಿಗೂ ಪಾಲು. ಹಿಂದಕ್ಕೆ ಬರಲು ಬರೀ ಭಾಗಾಕಾರ ಸಾಲದು, ಎರಡು ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬೇಕು.

ಆರು ಅಜ್ಞಾತಗಳಿಗೆ ಮೂರು ಗುರುತಿನ ಬಿಂದುಗಳು ಸಾಕು, ಆದರೆ ಮೂರಕ್ಕೇ ನಿಂತರೆ ತಪ್ಪು ಹೊರಗೆ ಕಾಣುವುದಿಲ್ಲ. ಗಣಿತ ಆ ಮೂರನ್ನೂ ಹೇಗಾದರೂ ಹೊಂದಿಸಿಬಿಡುತ್ತದೆ. ಎಂಟು ಹತ್ತು ಇದ್ದರೆ ಸುಳ್ಳು ಹೇಳುವ ಬಿಂದು ಯಾವುದೆಂದು ಗೊತ್ತಾಗುತ್ತದೆ. ಯಾವುದನ್ನು ಗುರುತಾಗಿ ಹಿಡಿಯಬೇಕು? ಕಾಪು ದೀಪಸ್ತಂಭ ಒಳ್ಳೆಯದು. 1432ರಿಂದ ಬಂಡೆಯ ಮೇಲೆ ನಿಂತಿರುವ ಕಾರ್ಕಳದ 42 ಅಡಿಯ ಗೊಮ್ಮಟ ಇನ್ನೂ ಒಳ್ಳೆಯದು. ಆನೆಕೆರೆಯ ನಡುವಿನ ಬಸದಿ, ಚತುರ್ಮುಖ ಬಸದಿ ಕೂಡ ಆಗಬಹುದು. ಆಗದ್ದು ಅಳಿವೆಗಳು. ನಕ್ಷೆಯಲ್ಲಿ ಅಳಿವೆಬಾಗಿಲು ಎದ್ದು ಕಾಣುವುದರಿಂದ ಹೊಸಬರು ಮೊದಲು ಅಲ್ಲಿಗೇ ಕೈ ಹಾಕುತ್ತಾರೆ. ಸ್ವರ್ಣೆ-ಸೀತೆಯರು ಕೋಡಿಬೆಂಗ್ರೆಯಲ್ಲಿ ಕಡಲು ಸೇರುವ ಜಾಗದ ಮರಳು ಒಂದು ಮಳೆಗಾಲ ಇದ್ದಂತೆ ಇನ್ನೊಂದು ಮಳೆಗಾಲ ಇರುವುದಿಲ್ಲ.

ಹಳೆಯ ಹಾಳೆಗಳಲ್ಲಿ ಇನ್ನೊಂದು ಗುಂಡಿ ಇದೆ. ಅವುಗಳ ಅಕ್ಷಾಂಶ-ರೇಖಾಂಶಗಳು ಜಾರ್ಜ್ ಎವರೆಸ್ಟ್ 1830ರಲ್ಲಿ ಲೆಕ್ಕ ಹಾಕಿದ ಭೂಮಿಯ ಮೇಲಿನವು; ನಮ್ಮ ಮೊಬೈಲಿನವು ಡಬ್ಲ್ಯುಜಿಎಸ್-84 ಎಂಬ ಭೂಮಿಯ ಮೇಲಿನವು. ಎವರೆಸ್ಟ್ ಅವರ ಭೂಮಿಯ ತ್ರಿಜ್ಯ 800 ಮೀಟರಿಗೂ ಹೆಚ್ಚು ಚಿಕ್ಕದು. ಅದರ ಅಳತೆಗಳ ಮೂಲ ಕಲ್ಯಾಣಪುರ. ಸಂತೆಕಟ್ಟೆಯ ಪಕ್ಕದ ನಮ್ಮ ಕಲ್ಯಾಣಪುರ ಎಂದು ಹೆಮ್ಮೆ ಪಡಬೇಡಿ, ಇದು ಮಧ್ಯಪ್ರದೇಶದ್ದು. ಎರಡು ಭೂಮಿಗಳ ವ್ಯತ್ಯಾಸ ಮರೆತು ಹಳೆಯ ಹಾಳೆಯನ್ನು ಹೊಸ ಚಿತ್ರದ ಮೇಲೆ ಹಾಸಿದರೆ ಕರಾವಳಿಯಲ್ಲಿ ನೂರು ಮೀಟರಿಗೂ ಮಿಕ್ಕಿ ತಪ್ಪುತ್ತದೆ. ಅರ್ಧ ಪಿಕ್ಸೆಲ್ ಆಗ ಯಾವ ಲೆಕ್ಕ.

ಇಷ್ಟೆಲ್ಲ ಸರಿಮಾಡಿದ ಮೇಲೂ ಆರು ಸಂಖ್ಯೆಗಳಿಗೆ ಒಂದು ಮಿತಿ ಇದೆ: ಅವಕ್ಕೆ ಎತ್ತರ ಗೊತ್ತಿಲ್ಲ. ಉಪಗ್ರಹ ನೇರ ಮೇಲಿಂದ ನೋಡದೆ ಇಪ್ಪತ್ತು ಡಿಗ್ರಿ ಓರೆಯಾಗಿ ನೋಡಿತು ಎನ್ನಿ. ಸಣ್ಣ ಪಿಕ್ಸೆಲಿನ ಸೂಕ್ಷ್ಮ ಚಿತ್ರದಲ್ಲಿ ಕಾಪು ದೀಪಸ್ತಂಭ ಮಲಗಿದಂತೆ ಕಾಣುತ್ತದೆ. ಅದರ ತುದಿ ಬುಡದಿಂದ ಸುಮಾರು ಹತ್ತು ಮೀಟರ್ ದೂರ ಬಿದ್ದಿರುತ್ತದೆ. ಗುರುತಿನ ಬಿಂದುವಾಗಿ ಬಿಳಿ ತುದಿಯನ್ನು ಕ್ಲಿಕ್ ಮಾಡಿದವನು ಕೆಟ್ಟ, ಬುಡವನ್ನು ಹುಡುಕಿ ಕ್ಲಿಕ್ ಮಾಡಬೇಕು. ಕಾರ್ಕಳದಿಂದ ಪೂರ್ವಕ್ಕೆ ಹೋದಂತೆ ಇದು ಉಲ್ಬಣಿಸುತ್ತದೆ. ಕುದುರೆಮುಖ ಸುಮಾರು 1,890 ಮೀಟರ್ ಎತ್ತರ. ಬರೀ ಐದು ಡಿಗ್ರಿ ಓರೆಯಲ್ಲಿ ನೋಡಿದರೂ ಅದರ ನೆತ್ತಿ ಚಿತ್ರದಲ್ಲಿ 160 ಮೀಟರಿಗೂ ಹೆಚ್ಚು ಸರಿದಿರುತ್ತದೆ, ಬುಡದ ಕಾಡು ಇದ್ದಲ್ಲೇ ಇರುತ್ತದೆ. ಒಂದೇ ಸೂತ್ರ ಎರಡನ್ನೂ ಸರಿಮಾಡಲಾರದು. ಸೆಂಟಿನೆಲ್, ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಈ ಓರೆ ತಿದ್ದಿಯೇ ನಮ್ಮ ಕೈಗೆ ಕೊಡುತ್ತಾರೆ. ನಮ್ಮ ಕಾರ್ಟೋಸ್ಯಾಟ್‌ನಂಥ ಚಿತ್ರಗಳನ್ನು ತಿದ್ದದೆ ಪಡೆದರೆ ಅವುಗಳ ಜೊತೆ ಆರರ ಬದಲು ಎಂಬತ್ತು ಗುಣಾಂಕಗಳು ಬರುತ್ತವೆ. ಅವಕ್ಕೆ ಅಕ್ಷಾಂಶ, ರೇಖಾಂಶ, ಎತ್ತರ ಮೂರನ್ನೂ ಕೊಟ್ಟರೆ ಪಿಕ್ಸೆಲ್ ಹೇಳುತ್ತವೆ. ಪಿಕ್ಸೆಲ್ ಕೊಟ್ಟು ಊರು ಕೇಳಿದರೆ ಮಾತ್ರ ಪೇಚು: ಎತ್ತರ ಗೊತ್ತಾಗದೆ ಜಾಗ ಗೊತ್ತಾಗದು, ಜಾಗ ಗೊತ್ತಾಗದೆ ಎತ್ತರ ಗೊತ್ತಾಗದು. ತಂತ್ರಾಂಶ ಒಂದು ಎತ್ತರ ಊಹಿಸಿ ಜಾಗ ಹಿಡಿಯುತ್ತದೆ, ಆ ಜಾಗದ ನಿಜವಾದ ಎತ್ತರ ನೋಡಿ ಊಹೆ ತಿದ್ದುತ್ತದೆ, ಮತ್ತೆ ಜಾಗ ಹಿಡಿಯುತ್ತದೆ. ಕಾಪುವಿನ ಬಯಲಿನಲ್ಲಿ ಒಂದೆರಡು ಸುತ್ತಿಗೆ ಉತ್ತರ ನಿಲ್ಲುತ್ತದೆ. ಘಟ್ಟದ ಕಡಿದಾದ ಬದಿಯಲ್ಲಿ ಸುತ್ತುಗಳು ಹೆಚ್ಚುತ್ತವೆ, ಕೆಲವೊಮ್ಮೆ ಉತ್ತರ ನಿಲ್ಲುವುದೇ ಇಲ್ಲ. ಆ ಎಂಬತ್ತು ಗುಣಾಂಕಗಳನ್ನು ಮುಂದಿನ ಅಧ್ಯಾಯದಲ್ಲಿ ಒಂದೊಂದಾಗಿ ಬಿಡಿಸೋಣ.